ಒಂದು ಡಿವಾರ್ ಪಾತ್ರೆಯಲ್ಲಿ ಸೊನ್ನೆ ರೋಧ: ಅತಿವಾಹಕವನ್ನು ಅಳೆದ ನನ್ನ ಅನುಭವ

ಇಟ್ರಿಯಂ ಬೇರಿಯಂ ತಾಮ್ರದ ಆಕ್ಸೈಡ್ ಒಂದು ಅತಿವಾಹಕ, ಅಂದರೆ ಸಾಕಷ್ಟು ತಣಿಸಿದರೆ ವಿದ್ಯುತ್ ರೋಧವನ್ನು ಪೂರ್ತಿ ಕಳೆದುಕೊಳ್ಳುವ ವಸ್ತು. ಅದರ ಬಿಲ್ಲೆಯ ಮೇಲೆ ಅಯಸ್ಕಾಂತವನ್ನು ತೇಲಿಸಿ ತೋರಿಸುವವರು ಬಹಳ ಜನ ಇದ್ದಾರೆ. ಅದೇ ಬಿಲ್ಲೆಯ ರೋಧ ಎಷ್ಟು ಕೆಲ್ವಿನ್‌ನಲ್ಲಿ ಕುಸಿಯಿತು ಎಂದು ಕೇಳಿದರೆ ಅವರಲ್ಲಿ ಹೆಚ್ಚಿನವರು ಮಾತು ಬದಲಿಸುತ್ತಾರೆ. ತಣ್ಣನೆಯ ತಾಪವನ್ನು ಸ್ಥಿರವಾಗಿ ಹಿಡಿದಿಡುವ ಕ್ರಯೋಸ್ಟ್ಯಾಟ್ ಮತ್ತು ಅತಿ ಸಣ್ಣ ವೋಲ್ಟೇಜನ್ನು ಅಳೆಯುವ ನ್ಯಾನೋವೋಲ್ಟ್‌ಮೀಟರ್ ಇಲ್ಲದೆ ತಾಪಕ್ಕೆ ತಕ್ಕಂತೆ ರೋಧ ಇಳಿಯುವ ರೇಖೆಯನ್ನು ನಂಬುವಂತೆ ಬರೆಯಲಾಗದು ಎಂದು ಈ ಕೆಲಸವನ್ನು ಬಲ್ಲವರೇ ನನಗೆ ಹೇಳಿದ್ದರು. ದ್ರವ ಸಾರಜನಕ ತುಂಬಿದ ಒಂದು ಡಿವಾರ್ ಪಾತ್ರೆ (ಥರ್ಮಾಸಿನಂಥ ಪಾತ್ರೆ), ಒಂದು ದಪ್ಪ ತಾಮ್ರದ ದಿಮ್ಮಿ ಮತ್ತು ಕೈಯಾರೆ ಕಟ್ಟಿದ ವರ್ಧಕ (ಆಂಪ್ಲಿಫೈಯರ್), ಇಷ್ಟರಿಂದಲೇ ಅದು ಆಗಿದೆ. ನನ್ನ ಮಾದರಿ ತಣಿಯುವಾಗಲೂ ಬಿಸಿಯೇರುವಾಗಲೂ ಈಗ ಬಹುಮಟ್ಟಿಗೆ ಒಂದೇ ಗೆರೆಯ ಮೇಲೆ ನಡೆಯುತ್ತದೆ. ಚಳಿ ಸುಲಭವಾಗಿ ಸಿಗುತ್ತದೆ. ತಾಳ್ಮೆಯನ್ನು ತಿಂದದ್ದು ತಂತಿಗಳ ಸಂಪರ್ಕ.

ಪುಡಿಯನ್ನು ತಯಾರಿಸುವ ಕ್ರಮ 1987ರಿಂದ ಎಲ್ಲರ ಕೈಯಲ್ಲೂ ಇರುವಂಥದ್ದು. ನಾನು ತೂಗುವುದು ಇಟ್ರಿಯಂ ಆಕ್ಸೈಡ್ 1.13 ಗ್ರಾಂ, ಬೇರಿಯಂ ಕಾರ್ಬೊನೇಟ್ 3.95 ಗ್ರಾಂ, ಕ್ಯುಪ್ರಿಕ್ ಆಕ್ಸೈಡ್ 2.39 ಗ್ರಾಂ, ಇದರಿಂದ ಆರೂವರೆ ಗ್ರಾಮಿಗೆ ತುಸು ಹೆಚ್ಚು ಕಪ್ಪು ಪುಡಿ ಬರುತ್ತದೆ. ತೂಗುವ ಮೊದಲು ಇಟ್ರಿಯಂ ಆಕ್ಸೈಡನ್ನು ಕಾಯಿಸಿ ಒಣಗಿಸದಿದ್ದರೆ ಅದು ಹೀರಿಕೊಂಡ ತೇವವೂ ತೂಕದಲ್ಲಿ ಸೇರುತ್ತದೆ, ಅನುಪಾತ ಹಾದಿ ತಪ್ಪುತ್ತದೆ. ಬೇರಿಯಂ ಕಾರ್ಬೊನೇಟ್ ತನ್ನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸುಮಾರು 920 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಒಮ್ಮೆ ಬೇಯಿಸಿ ಮುಗಿಸಿದ ಬಿಲ್ಲೆಯನ್ನು ಮುರಿದು ನೋಡಿದರೆ ಒಳಗೆ ಹಸಿರು ಚುಕ್ಕೆಗಳು ಕಾಣುತ್ತಿದ್ದವು. ಆ ಹಸಿರು ವಸ್ತು ಅತಿವಾಹಕವೂ ಅಲ್ಲ, ವಾಹಕವೂ ಅಲ್ಲ. ಅಗೇಟ್ ಒರಳಿನಲ್ಲಿ ಮತ್ತೆ ಅರೆದು, ಮತ್ತೆ ಬೇಯಿಸಿ, ಇನ್ನೊಮ್ಮೆ ಅರೆದ ಮೇಲೆಯೇ ಮುರಿದ ಅಂಚು ಪೂರ್ತಿ ಕಪ್ಪಾಯಿತು. ಬಿಲ್ಲೆಯನ್ನು ಅಲ್ಯುಮಿನಾ ಮೂಸೆಯ ಮೇಲೆ ನೇರವಾಗಿ ಇಡದೆ ಅದೇ ಪುಡಿಯ ಹಾಸಿನ ಮೇಲೆ ಇಡುತ್ತೇನೆ. ಬೇರಿಯಂ ಕಾರ್ಬೊನೇಟ್ ವಿಷ ಎಂಬುದನ್ನು ಈ ಕೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಮ್ಲಜನಕದ ವಿಷಯದಲ್ಲಿ ಜಿಪುಣತನ ನಡೆಯುವುದಿಲ್ಲ. 940 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾದ ಬಿಲ್ಲೆಯನ್ನು ಕುಲುಮೆಯನ್ನು ಆರಿಸಿ ಹಾಗೆಯೇ ಬಿಟ್ಟಾಗ, ರೋಧ 90 ಕೆಲ್ವಿನ್ ಹತ್ತಿರ ಇಳಿಯಲು ಶುರುವಾದರೂ 77 ಕೆಲ್ವಿನ್‌ವರೆಗೆ ಅಂದರೆ ದ್ರವ ಸಾರಜನಕದ ತಾಪದವರೆಗೆ ಬಂದರೂ ಸೊನ್ನೆ ಮುಟ್ಟದೆ ಬಾಲದಂತೆ ಎಳೆಯುತ್ತಿತ್ತು. ಆಮ್ಲಜನಕವನ್ನು ತೆಳ್ಳಗೆ ಹರಿಯಬಿಟ್ಟು 650 ಡಿಗ್ರಿಯಿಂದ 400ರವರೆಗಿನ ಇಳಿಕೆಯನ್ನು ಬಹಳ ನಿಧಾನಗೊಳಿಸಿದಾಗ ಆ ಬಾಲ ಮಾಯವಾಯಿತು. ಯಾವ ಡಿಗ್ರಿಯಲ್ಲಿ ಎಷ್ಟು ಹೊತ್ತು ನಿಲ್ಲಿಸಬೇಕು ಎಂಬ ನನ್ನ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಅದು ಕುಲುಮೆಯಿಂದ ಕುಲುಮೆಗೆ ಬದಲಾಗುತ್ತದೆ, ಅಲ್ಲದೆ ಅದಕ್ಕೆ ನಾನು ಸಾಕಷ್ಟು ಸಿಲಿಂಡರುಗಳನ್ನು ಖಾಲಿ ಮಾಡಿದ್ದೇನೆ. ಬಿಲ್ಲೆಯನ್ನು ವಿಪರೀತ ಒತ್ತಿ ದಟ್ಟವಾಗಿಸಿದರೆ ಆಮ್ಲಜನಕ ಒಳಗೆ ಇಳಿಯಲು ಬಹಳ ಸಮಯ ಹಿಡಿಯುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಇನ್ನು ಸಂಪರ್ಕಗಳು. ಪ್ರವಾಹಕ್ಕೆ ಎರಡು, ವೋಲ್ಟೇಜಿಗೆ ಬೇರೆಯೇ ಎರಡು ಎಂಬ ನಾಲ್ಕು ತಂತಿಯ ಮಾಪನದಲ್ಲಿ ಸಂಪರ್ಕದ ರೋಧ ಲೆಕ್ಕಕ್ಕೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಲೆಕ್ಕದ ಮಟ್ಟಿಗೆ ಅದು ನಿಜವೂ ಹೌದು. ಆದರೆ ಪ್ರವಾಹ ಹರಿಸುವ ತಂತಿಯ ಬುಡದಲ್ಲಿ 50 ಓಮ್ ಇದ್ದು 100 ಮಿಲಿಆಂಪಿಯರ್ ಹರಿದರೆ ಅಲ್ಲಿ ಅರ್ಧ ವ್ಯಾಟ್ ಶಾಖ ಹುಟ್ಟುತ್ತದೆ, ಮಾದರಿಯ ತುದಿ ಒಂದು ತಾಪದಲ್ಲಿಯೂ ತಾಪಮಾಪಕ ಇನ್ನೊಂದರಲ್ಲಿಯೂ ನಿಲ್ಲುತ್ತವೆ. ಸಾಮಾನ್ಯ ಬೆಸುಗೆ ಈ ಪಿಂಗಾಣಿಗೆ ಅಂಟುವುದೇ ಇಲ್ಲ. ಸಿಲ್ವರ್ ಪೇಸ್ಟನ್ನು ಹಚ್ಚಿ ಒಣಗಿಸಿದ ಸಂಪರ್ಕಗಳು ಹತ್ತಾರು ಓಮ್ ತೋರಿಸಿ, ಮೊದಲ ಮುಳುಗಿನಲ್ಲೇ ಸಿಪ್ಪೆಯಂತೆ ಎದ್ದುಬಂದವು. ಆಗಷ್ಟೇ ಕೆರೆದ ಮೈಗೆ ಇಂಡಿಯಂ ಎಂಬ ಮೆತ್ತನೆಯ ಲೋಹವನ್ನು ಒತ್ತಿದಾಗ ಪರವಾಗಿಲ್ಲ ಎನ್ನುವಂತಿತ್ತು, ಬಾಳಿಕೆ ಮಾತ್ರ ಬರಲಿಲ್ಲ. ಕೊನೆಗೆ ಗೆದ್ದದ್ದು ಬೆಳ್ಳಿಯನ್ನು ಮೊದಲೇ ಹಚ್ಚಿ ಆಮ್ಲಜನಕದಲ್ಲಿ ಬಿಲ್ಲೆಯ ಜೊತೆಗೇ ಕಾಯಿಸುವ ವಿಧಾನ: ಸಂಪರ್ಕದ ರೋಧ ಒಂದು ಓಮ್‌ಗಿಂತ ಎಷ್ಟೋ ಕೆಳಗೆ ಬಂದು ನಿಂತಿತು. ಆ ಬೆಳ್ಳಿಯ ಚುಕ್ಕೆಯ ಮೇಲೆ ತಂತಿಯನ್ನು ಹೇಗೆ ಕೂರಿಸುತ್ತೇನೆ ಎಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಬಿಲ್ಲೆಯಿಂದ ನೀರು ಹಾಕದೆ ಕತ್ತರಿಸಿದ ಪಟ್ಟಿ ಅಗಲ ಮತ್ತು ದಪ್ಪ ಎರಡರಲ್ಲೂ ಸುಮಾರು 2 ಮಿಲಿಮೀಟರ್ ಇದೆ. ವೋಲ್ಟೇಜ್ ತಂತಿಗಳ ನಡುವೆ 5 ಮಿಲಿಮೀಟರ್. ಕೋಣೆಯ ತಾಪದಲ್ಲಿ ಇದರ ರೋಧ 12 ಮಿಲಿಓಮ್‌ನಷ್ಟು, ಅಂದರೆ 10 ಮಿಲಿಆಂಪಿಯರ್‌ಗೆ ಸಿಗುವುದು 120 ಮೈಕ್ರೋವೋಲ್ಟ್. ತಂತಿಗಳ ಜೋಡಣೆಯಲ್ಲಿ ತಾಪದ ವ್ಯತ್ಯಾಸದಿಂದ ಹುಟ್ಟುವ ವೋಲ್ಟೇಜೂ ಅದೇ ಅಳತೆಯಲ್ಲಿರುತ್ತದೆ, ಆದ್ದರಿಂದ ಪ್ರತಿ ಬಿಂದುವಿನಲ್ಲೂ ಪ್ರವಾಹದ ದಿಕ್ಕನ್ನು ತಿರುಗಿಸಿ, ಎರಡೂ ಓದುಗಳ ವ್ಯತ್ಯಾಸದ ಅರ್ಧವನ್ನು ತೆಗೆದುಕೊಳ್ಳುತ್ತೇನೆ. ಸಾವಿರ ಪಟ್ಟು ಹಿಗ್ಗಿಸುವ ವರ್ಧಕವನ್ನು ಶೂನ್ಯದ ಓದು ಜಾರದ ಎಲೆಕ್ಟ್ರಾನಿಕ್ ಚಿಪ್‌ನಿಂದ ಕಟ್ಟಿದೆ. ಅದಕ್ಕೆ ತಗಲಿದ್ದು ಒಂದು ಒಳ್ಳೆಯ ನ್ಯಾನೋವೋಲ್ಟ್‌ಮೀಟರಿನ ಬೆಲೆಯಲ್ಲಿ ಹತ್ತರಲ್ಲೊಂದು ಭಾಗವೂ ಇಲ್ಲ. ನಿಜವಾದ ಖರ್ಚು ದ್ರವ ಸಾರಜನಕದ್ದು; ಒಟ್ಟು ಹಣದ ಅರ್ಧದಷ್ಟು ಅಕ್ಷರಶಃ ಆವಿಯಾಗಿ ಹೋಯಿತು.

ತಾಪವನ್ನು ಓದಲು ಪಿಟಿ-100 ಎಂಬ ಪ್ಲಾಟಿನಂ ತಾಪಮಾಪಕ ಸಾಕು. 77 ಕೆಲ್ವಿನ್‌ನಲ್ಲಿ ಅದು 20 ಓಮ್ ಆಸುಪಾಸಿಗೆ ಬಂದು ನಿಂತರೆ ಮಾಪಕ ಸರಿ ಇದೆ ಎಂದು ತಿಳಿಯಬಹುದು. ತೊಡಕಿದ್ದದ್ದು ಮಾದರಿಯ ತಾಪಕ್ಕೂ ಮಾಪಕದ ಓದಿಗೂ ನಡುವಿನ ಹಿಂದುಳಿಯುವಿಕೆಯಲ್ಲಿ. ತೆಳು ತಗಡಿನ ಮೇಲೆ ಮಾದರಿಯನ್ನು ಕೂರಿಸಿ ಕೋಲಿನಿಂದ ಇಳಿಸಿದಾಗ, ತಣಿಯುವ ರೇಖೆಗೂ ಬಿಸಿಯೇರುವ ರೇಖೆಗೂ ನಡುವೆ ಮೂರು ನಾಲ್ಕು ಕೆಲ್ವಿನ್ ಅಂತರ ಬರುತ್ತಿತ್ತು, ಹೀಗಾಗಿ ಯಾವ ಅಂಕಿಯನ್ನೂ ನಂಬುವಂತಿರಲಿಲ್ಲ. ತಗಡಿನ ಬದಲು ದಪ್ಪ ತಾಮ್ರದ ದಿಮ್ಮಿಯನ್ನು ಹಾಕಿ, ಅದರಲ್ಲಿ ಕೊರೆದ ತೋಡಿನಲ್ಲಿ ಮಾದರಿಯನ್ನೂ ಮಾಪಕವನ್ನೂ ಅಕ್ಕಪಕ್ಕ ಕೂರಿಸಿ, ದ್ರವದ ಮಟ್ಟಕ್ಕಿಂತ ಮೇಲಿನ ತಣ್ಣನೆಯ ಆವಿಯಲ್ಲಿ ಬೆರಳಗಲ ಬೆರಳಗಲವಾಗಿ ಇಳಿಸಿದ ಮೇಲೆ ಅಂತರ ಒಂದು ಕೆಲ್ವಿನ್‌ನ ಒಳಗೆ ಬಂತು. ಮೇಲೆತ್ತುವಾಗ ಆವಿಯೇ ನಿಧಾನವನ್ನು ಕಾಯ್ದುಕೊಳ್ಳುವುದರಿಂದ ನಾನು ಬಿಸಿಯೇರುವ ರೇಖೆಯನ್ನೇ ಹೆಚ್ಚು ನಂಬುತ್ತೇನೆ. ಆವಿ ಕೋಣೆಯ ಆಮ್ಲಜನಕವನ್ನು ತಳ್ಳುತ್ತದೆ, ಕಿಟಕಿ ತೆರೆದಿರಲಿ.

ನೆನಪಿನಲ್ಲಿರುವ ಅಂಕಿಗಳು ಹೀಗಿವೆ: 120 ಮೈಕ್ರೋವೋಲ್ಟ್ ಬಹುತೇಕ ನೇರ ಗೆರೆಯಲ್ಲಿ ಇಳಿಯುತ್ತ 95 ಕೆಲ್ವಿನ್‌ನಲ್ಲಿ 50ಕ್ಕೆ ಬರುತ್ತದೆ, 92ರಲ್ಲಿ ಕುಸಿತ ಶುರುವಾಗುತ್ತದೆ, 88ರ ಹೊತ್ತಿಗೆ ಗದ್ದಲದಲ್ಲಿ, ಅಂದರೆ ಓದಿನ ಸಹಜ ಏರಿಳಿತದಲ್ಲಿ, ಮುಳುಗುತ್ತದೆ. ಗದ್ದಲ ಅರ್ಧ ಮೈಕ್ರೋವೋಲ್ಟ್ ಇರುವುದರಿಂದ ನನ್ನ ಸೊನ್ನೆಯ ಅರ್ಥ 50 ಮೈಕ್ರೋಓಮ್‌ಗಿಂತ ಕಡಿಮೆ ಎಂದಷ್ಟೇ. ಅದಕ್ಕಿಂತ ಹೆಚ್ಚು ಹೇಳಬೇಕಾದರೆ ಉಂಗುರದಲ್ಲಿ ಪ್ರವಾಹವನ್ನು ಸಿಕ್ಕಿಸಿ ಅದು ಎಷ್ಟು ಕಾಲ ಸವೆಯದೆ ಸುತ್ತುತ್ತದೆ ಎಂದು ನೋಡಬೇಕು.

ಪಾತ್ರೆಯಲ್ಲಿ ಸಾರಜನಕ ಉಳಿದಾಗಲೆಲ್ಲ ಕೈಗೆ ಸಿಕ್ಕಿದ್ದನ್ನು ಮುಳುಗಿಸಿ ನೋಡಿದೆ. 8 ಓಮ್‌ನ ತಾಮ್ರದ ಸುರುಳಿ ಒಂದು ಓಮ್‌ಗೆ ಚೂರು ಮೇಲೆ ನಿಂತಿತು. ನೈಕ್ರೋಮ್ ಅಲುಗಾಡಲೇ ಇಲ್ಲ ಎನ್ನಬಹುದು. ಹಳೆಯ ಇಂಗಾಲದ ರೋಧಕ ತಣಿದಷ್ಟೂ ಏರಿತು. ಅತಿವಾಹಕದ ಪಟ್ಟಿಯ ಹತ್ತಿರ ಬಲವಾದ ಅಯಸ್ಕಾಂತವನ್ನು ತಂದರೆ ಕುಸಿತದ ತಲೆ ಇದ್ದಲ್ಲೇ ಇದ್ದು, ಅದರ ಪಾದ ಮಾತ್ರ ಕೆಳಗಿನ ತಾಪದತ್ತ ಹರಡುತ್ತದೆ. ಪ್ರವಾಹವನ್ನು ಹೆಚ್ಚಿಸಿದರೂ ಅದೇ ಆಗುತ್ತದೆ. ಪಟ್ಟಿಯೊಳಗಿನ ಕಣಗಳ ನಡುವಿನ ಕೊಂಡಿ ದುರ್ಬಲವಾಗಿದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಸಿಕ್ಕಿಲ್ಲ. ಪ್ರತಿ ಮುಳುಗಿನ ನಂತರ ಪಟ್ಟಿಯ ಮೇಲೆ ಹಿಮ ಕಟ್ಟಿ ಕರಗಿದರೆ ಆ ನೀರು ಮೈಯನ್ನು ಹಾಳುಮಾಡುತ್ತದೆ, ಆದ್ದರಿಂದ ನಾನು ಅದನ್ನು ಒಣ ಸಾರಜನಕದ ಆವಿಯಲ್ಲೇ ಕೋಣೆಯ ತಾಪಕ್ಕೆ ತಂದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ.