ಸೊಂಟದ ಕೀಲು ಬದಲಾವಣೆ: ಆಪರೇಷನ್‌ಗೆ ಮುಂಚಿನ ಸಿದ್ಧತೆ, ಆಮೇಲಿನ ಮೂರು ತಿಂಗಳು

ಸೊಂಟದ ಕೀಲು ಬದಲಿಸುವ ಆಪರೇಷನ್ ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಹೊಸ ಕೀಲಿನ ಸುತ್ತ ಕೊಯ್ದು ಹೊಲಿದ ಸ್ನಾಯು ಮತ್ತು ಪೊರೆ ಗಟ್ಟಿಯಾಗಿ ಕೂಡಿಕೊಳ್ಳಲು 6ರಿಂದ 12 ವಾರ ಬೇಕು. ಈ ಅವಧಿಯಲ್ಲಿ ಹೆಚ್ಚಿನವರು ಹೆದರುವುದು ನಡೆಯುವುದಕ್ಕೆ. ಕೀಲು ತಪ್ಪುವ ಅಪಾಯ ನಿಜವಾಗಿ ಹೆಚ್ಚಿರುವುದು ತಗ್ಗಾದ ಸೋಫಾದಿಂದ ಏಳುವಾಗ, ಬಿದ್ದ ಮೊಬೈಲ್ ಎತ್ತಿಕೊಳ್ಳಲು ಬಗ್ಗಿದಾಗ, ಕಾಲಬುಡಕ್ಕೆ ಸರಿದ ಹೊದಿಕೆ ಎಳೆದುಕೊಳ್ಳುವಾಗ. ಹಾಗಾಗಿ ಅರ್ಧ ಚೇತರಿಕೆ ಆಸ್ಪತ್ರೆಗೆ ಹೋಗುವ ಮೊದಲೇ ನಿರ್ಧಾರವಾಗಿರುತ್ತದೆ. ಬಗ್ಗುವ ಪ್ರಸಂಗವೇ ಬಾರದಂತೆ ಮನೆಯನ್ನು ಅಣಿಮಾಡಿಟ್ಟವರಿಗೆ ಆಮೇಲಿನ ದಿನಗಳು ತುಂಬಾ ಹಗುರ.

ಸರ್ಜನ್ ಹತ್ತಿರ ಮೊದಲೇ ಕೇಳಿಕೊಳ್ಳಬೇಕಾದ್ದು

ಸವೆದ ತೊಡೆಮೂಳೆಯ ಚೆಂಡನ್ನು ತೆಗೆದು, ಮೂಳೆಯ ಟೊಳ್ಳಿನೊಳಗೆ ಲೋಹದ ಕಾಂಡವನ್ನು ಇಳಿಸಿ, ಅದರ ತುದಿಗೆ ಲೋಹದ ಅಥವಾ ಸೆರಾಮಿಕ್ ಚೆಂಡು ಕೂರಿಸುತ್ತಾರೆ. ಚೆಂಡು ತಿರುಗುವ ಗುಳಿಗೆ ಹೊಸ ಬಟ್ಟಲು, ಅದರೊಳಗೆ ಪ್ಲಾಸ್ಟಿಕ್ ಅಥವಾ ಸೆರಾಮಿಕ್‌ನ ಒಳಪದರ. ಇದನ್ನೆಲ್ಲ ಯಾವ ದಿಕ್ಕಿನಿಂದ ಮಾಡುತ್ತಾರೆ ಎನ್ನುವುದು ನಿಮಗೆ ಮುಖ್ಯ: ಹಿಂದಿನಿಂದಲೇ, ಪಕ್ಕದಿಂದಲೇ, ಮುಂದಿನಿಂದಲೇ? ಆಮೇಲೆ ಯಾವ ಚಲನೆ ಮಾಡಬಾರದು ಎಂಬ ನಿಯಮವೆಲ್ಲ ಇದರ ಮೇಲೆ ನಿಂತಿದೆ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಮೊದಲ ದಿನದಿಂದಲೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದೇ? ನಿಯಮಗಳು ಎಷ್ಟು ವಾರ? ಉತ್ತರವನ್ನು ಬರೆದಿಟ್ಟುಕೊಳ್ಳಿ. ಇದೇ ಆಪರೇಷನ್ ಆದ ಪರಿಚಯದವರ ನಿಯಮ ನಿಮಗೆ ಒಪ್ಪದೇ ಇರಬಹುದು.

ನಾಲ್ಕರಿಂದ ಆರು ವಾರ ಮುಂಚೆ

ಕೃತಕ ಕೀಲಿಗೆ ದೊಡ್ಡ ಶತ್ರು ಸೋಂಕು. ಲೋಹಕ್ಕೆ ರಕ್ತಸಂಚಾರವಿಲ್ಲ, ಅದರ ಮೇಲೆ ನೆಲೆಯೂರಿದ ಕ್ರಿಮಿಯನ್ನು ಬರೀ ಮಾತ್ರೆಯಿಂದ ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಹುಳುಕು ಹಲ್ಲು, ಒಸಡಿನ ಕೀವು ಇದ್ದರೆ ಈಗಲೇ ಚಿಕಿತ್ಸೆ ಮಾಡಿಸಿ. ಮೂತ್ರದ ಉರಿ, ಕಾಲ್ಬೆರಳ ಸಂದಿನ ಬಿರುಕು, ಉಗುರುಸುತ್ತು, ಚರ್ಮದ ಮೇಲಿನ ಸಣ್ಣ ಹುಣ್ಣನ್ನೂ ಮುಚ್ಚಿಡದೆ ತೋರಿಸಿ. ಆ ಸೊಂಟಕ್ಕೆ ಇತ್ತೀಚೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ತಾರೀಖು ಸಮೇತ ಹೇಳಿ. ಹೆಚ್ಚಿನ ಸರ್ಜನ್‌ಗಳು ಅಲ್ಲಿಂದ ಮೂರು ತಿಂಗಳು ಕಾಯುತ್ತಾರೆ.

ಸಕ್ಕರೆ ಕಾಯಿಲೆ ಇದ್ದವರು ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ HbA1c ಪರೀಕ್ಷೆ ಮಾಡಿಸಬೇಕು. ಅದು ಶೇ. 8ರ ಮೇಲಿದ್ದರೆ ಆಪರೇಷನ್ ಮುಂದೂಡಿ ಮೊದಲು ಸಕ್ಕರೆ ಹತೋಟಿಗೆ ತರುವ ಸರ್ಜನ್‌ಗಳೇ ಹೆಚ್ಚು. ಹಿಮೋಗ್ಲೋಬಿನ್ ಗಂಡಸರಿಗೆ 13ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶ ತುಂಬಿಕೊಳ್ಳಲು ಈ ವಾರಗಳು ಬೇಕು. ಕೊನೇ ವಾರ ಗೊತ್ತಾದರೆ ಸಮಯ ಸಾಲದು. ಸಿಗರೇಟು, ತಂಬಾಕು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುವುದರಿಂದ ಗಾಯ ಮಾಯುವುದು ನಿಧಾನವಾಗುತ್ತದೆ.

ಮಾತ್ರೆಗಳ ವಿಷಯದಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಯಾವುದನ್ನೂ ಹೇಳದೆ ಮುಂದುವರಿಸಬೇಡಿ. ರಕ್ತ ತೆಳು ಮಾಡುವ ವಾರ್ಫರಿನ್ ಅನ್ನು ಸಾಮಾನ್ಯವಾಗಿ 5 ದಿನ ಮೊದಲು, ಕ್ಲೋಪಿಡೋಗ್ರೆಲ್ ಅನ್ನು 5ರಿಂದ 7 ದಿನ ಮೊದಲು, ಅಪಿಕ್ಸಬಾನ್, ರಿವರೋಕ್ಸಬಾನ್ ಥರದವನ್ನು 2–3 ದಿನ ಮೊದಲು ನಿಲ್ಲಿಸಿಸುತ್ತಾರೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ಬಿಟ್ಟರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು. ಸಕ್ಕರೆಗೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಅದನ್ನು ಹೆಸರು ಹಿಡಿದು ಹೇಳಿ. ಇದನ್ನು ಸಾಮಾನ್ಯವಾಗಿ 3 ದಿನ ಮೊದಲೇ ಬಿಡಿಸುತ್ತಾರೆ, ಯಾಕೆಂದರೆ ಉಪವಾಸದಲ್ಲಿ ಸಕ್ಕರೆ ಸರಿಯಿದ್ದಂತೆ ಕಂಡರೂ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಗಿಡಮೂಲಿಕೆ ಔಷಧ, ಅಂಗಡಿಯಿಂದ ತಂದ ನೋವಿನ ಮಾತ್ರೆಯೂ ಪಟ್ಟಿಯಲ್ಲಿರಲಿ.

ಮನೆ: ಎತ್ತರವೇ ಎಲ್ಲ

ಮೊದಲು ಒಂದು ಅಳತೆ ತೆಗೆದುಕೊಳ್ಳಿ. ನಿಂತುಕೊಂಡು, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಎಷ್ಟು ಇಂಚು ಎಂದು ಬೇರೆಯವರಿಂದ ಅಳೆಸಿ. ನೀವು ಕೂರುವ ಕುರ್ಚಿ, ಹಾಸಿಗೆ, ಕಮೋಡ್ ಮೂರೂ ಅದಕ್ಕಿಂತ 2ರಿಂದ 3 ಇಂಚು ಎತ್ತರವಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಖಾಲಿ ಕುರ್ಚಿಯನ್ನು ಅಳೆಯುತ್ತಾರೆ. ಮೆತ್ತೆಯ ಮೇಲೆ ಮನುಷ್ಯ ಕೂತಾಗ ಅದು ಎರಡು ಮೂರು ಇಂಚು ಕುಸಿದು, ಮಂಡಿ ಸೊಂಟಕ್ಕಿಂತ ಮೇಲೆ ಬಂದುಬಿಡುತ್ತದೆ. ಯಾರನ್ನಾದರೂ ಕೂರಿಸಿಯೇ ಅಳೆಯಿರಿ. ಕುರ್ಚಿಗೆ ಎರಡೂ ಕಡೆ ಗಟ್ಟಿ ಕೈಗಳಿರಬೇಕು, ಚಕ್ರ ಇರಬಾರದು, ತೂಗಬಾರದು.

ಕಮೋಡ್ ತಗ್ಗಾಗಿದ್ದರೆ ಮೇಲೆ ಕೂರಿಸುವ 4 ಇಂಚಿನ ಎತ್ತರದ ಸೀಟು ತನ್ನಿ. ಪಕ್ಕದ ಗೋಡೆಗೆ ಹಿಡಿಕೆ ಬಡಿಸಿ. ಟವಲ್ ಹಾಕುವ ಕಂಬಿ ಹಿಡಿಕೆಯಲ್ಲ, ಅದು ಭಾರ ತಡೆಯದು. ಸ್ನಾನಕ್ಕೆ ರಬ್ಬರ್ ಕಾಲಿನ ಸ್ಟೂಲ್, ಜಾರದ ಮ್ಯಾಟ್ ಇರಲಿ. ನೀರಿನ ಮಗ್ ನೆಲದ ಮೇಲಲ್ಲ, ಕೈಗೆಟುಕುವ ಎತ್ತರದಲ್ಲಿರಬೇಕು. ಬಿಡಿ ಮ್ಯಾಟುಗಳು, ಕಾಲಿಗೆ ಅಡ್ಡ ಬರುವ ವೈರುಗಳನ್ನೆಲ್ಲ ತೆಗೆಯಿರಿ. ರಾತ್ರಿ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ದಿನಾ ಬೇಕಾಗುವ ಎಲ್ಲವನ್ನೂ ಸೊಂಟದಿಂದ ಭುಜದ ಎತ್ತರದೊಳಗೆ ಇಟ್ಟುಕೊಳ್ಳಿ. ಉದ್ದ ಹಿಡಿಕೆಯ ಚಿಮಟ, ಉದ್ದ ಶೂ ಹಾರ್ನ್, ಲೇಸ್ ಇಲ್ಲದ, ಹಿಮ್ಮಡಿ ಹಿಡಿದಿಡುವ ಚಪ್ಪಲಿ ಇಲ್ಲದೆ ಮನೆಗೆ ಬರಬೇಡಿ.

ವಾಕರ್ ಅನ್ನು ಆಪರೇಷನ್‌ಗೆ ಮೊದಲೇ ತಂದು ಹೊಂದಿಸಿ. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಬಾತ್‌ರೂಮಿನ ಬಾಗಿಲಲ್ಲಿ ಅದು ತೂರುತ್ತದೆಯೇ ಅಂತಲೂ ನೋಡಿಬಿಡಿ.

ಇದೇ ವಾರಗಳಲ್ಲಿ ವ್ಯಾಯಾಮ ಶುರುಮಾಡಿ: ಮಲಗಿ ತೊಡೆಯ ಸ್ನಾಯು ಬಿಗಿದು 5 ಸೆಕೆಂಡ್ ಹಿಡಿಯುವುದು, ಪಿರ್ರೆ ಬಿಗಿಯುವುದು, ಹಿಮ್ಮಡಿ ಹಾಸಿಗೆಗೆ ತಾಗಿಸಿಕೊಂಡೇ ಮಂಡಿ ಮಡಿಸುವುದು. ಒಂದೊಂದೂ 10 ಸಲ, ದಿನಕ್ಕೆ ಮೂರು ಹೊತ್ತು. ಕುರ್ಚಿಯ ಕೈ ಒತ್ತಿ ಏಳುವುದನ್ನೂ ರೂಢಿಸಿಕೊಳ್ಳಿ, ಆಮೇಲೆ ನಿಮ್ಮ ದೇಹವನ್ನು ಎತ್ತುವುದು ತೋಳುಗಳೇ.

ಹಿಂದಿನ ದಿನ, ಆ ದಿನ

ಕೊಟ್ಟಿರುವ ಕ್ರಿಮಿನಾಶಕ ಸೋಪಿನಲ್ಲಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿ, ಒಗೆದ ಹಾಸಿಗೆಯ ಮೇಲೆ ಮಲಗಿ. ಆ ಜಾಗದ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಕ್ರಿಮಿ ಕೂರುತ್ತದೆ. ಗಟ್ಟಿ ಆಹಾರ 6 ಗಂಟೆ ಮುಂಚೆ, ನೀರು 2 ಗಂಟೆ ಮುಂಚೆ ನಿಲ್ಲುವುದು ಸಾಮಾನ್ಯ ಕ್ರಮ. ನಿಮ್ಮ ಅರಿವಳಿಕೆ ಡಾಕ್ಟರ್ ಬೇರೆ ಸಮಯ ಹೇಳಿದರೆ ಅದೇ ಲೆಕ್ಕ. ಹೆಚ್ಚಿನವರನ್ನು ಅದೇ ದಿನ ಅಥವಾ ಮಾರನೇ ದಿನ ನಿಲ್ಲಿಸಿ ನಡೆಸುತ್ತಾರೆ.

90 ಡಿಗ್ರಿಯ ಲೆಕ್ಕ

ಹಿಂದಿನಿಂದ ಆಪರೇಷನ್ ಆದವರಿಗೆ ಮೂರು ನಿಯಮ: ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಿಯಬಾರದು, ಕಾಲ ಮೇಲೆ ಕಾಲು ಹಾಕಬಾರದು, ಆ ಕಾಲಿನ ಬೆರಳು ಒಳಮುಖ ತಿರುಗಬಾರದು. 90 ಡಿಗ್ರಿ ಎಂದರೆ ಮಂಡಿ ಎತ್ತುವುದು ಎಂದಷ್ಟೇ ತಿಳಿಯುತ್ತಾರೆ. ಎಣಿಕೆಗೆ ಬರುವುದು ತೊಡೆಗೂ ಹೊಟ್ಟೆಗೂ ನಡುವಿನ ಕೋನ. ಮಂಡಿ ಮೇಲೆ ಬಂದರೂ ಒಂದೇ, ಎದೆ ಮುಂದೆ ಬಾಗಿದರೂ ಒಂದೇ. ಅತಿಯಾಗಿ ಮಡಿದಾಗ ಹೊಸ ಕೀಲಿನ ಕುತ್ತಿಗೆ ಬಟ್ಟಲಿನ ಅಂಚಿಗೆ ತಾಗಿ, ಅಲ್ಲೇ ಮೀಟುಗೋಲಿನಂತೆ ಚೆಂಡನ್ನು ಹಿಂದಕ್ಕೆ ಎಬ್ಬಿಬಿಡುತ್ತದೆ. ಹಿಂದಿನ ಪೊರೆ ಇನ್ನೂ ಕೂಡಿಕೊಂಡಿರದಿದ್ದರೆ ತಡೆಯುವವರು ಯಾರೂ ಇಲ್ಲ. ಮುಂದಿನಿಂದ ಆಪರೇಷನ್ ಆದವರಿಗೆ ಅಪಾಯ ತದ್ವಿರುದ್ಧ: ಕಾಲನ್ನು ಹಿಂದಕ್ಕೆ ದೂರ ಚಾಚಿ ಪಾದ ಹೊರಕ್ಕೆ ತಿರುಗಿಸುವುದು. ಕೆಲವು ಸರ್ಜನ್‌ಗಳು ತೀರಾ ಕಡಿಮೆ ನಿಯಮ ಕೊಡುತ್ತಾರೆ. ಹಾಗಿದ್ದರೆ ಅವರ ಮಾತೇ ನಡೆಯಲಿ.

ಕುರ್ಚಿಯಿಂದ ಏಳುವ ಕ್ರಮವನ್ನು ಇಷ್ಟು ಬಿಡಿಸಿ ಕಲಿಯುವುದು ಒಳ್ಳೆಯದು:

1. ಬೆನ್ನು ಹಿಂದಕ್ಕೆ ಒರಗಿಸಿಕೊಂಡೇ ಪಿರ್ರೆಯನ್ನು ಸೀಟಿನ ಅಂಚಿಗೆ ಜಾರಿಸಿ.
2. ಆಪರೇಷನ್ ಆದ ಕಾಲನ್ನು ಮುಂದೆ ಚಾಚಿ, ಇನ್ನೊಂದು ಕಾಲನ್ನು ಕುರ್ಚಿಯ ಹತ್ತಿರಕ್ಕೆ ಎಳೆದುಕೊಳ್ಳಿ.
3. ಎರಡೂ ಅಂಗೈಯನ್ನು ಕುರ್ಚಿಯ ಕೈಗಳ ಮೇಲೆ ಊರಿ. ವಾಕರ್ ಹಿಡಿದು ಏಳಬೇಡಿ, ಅದು ನಿಮ್ಮ ಮೇಲೇ ಮಗುಚುತ್ತದೆ.
4. ತೋಳು ಮತ್ತು ಒಳ್ಳೆಯ ಕಾಲಿನ ಬಲದಿಂದ ನೇರ ಮೇಲಕ್ಕೆ ಏಳಿ.
5. ನಿಂತ ಮೇಲೆ ಒಂದೊಂದೇ ಕೈಯನ್ನು ವಾಕರ್‌ಗೆ ತನ್ನಿ. ತಲೆಸುತ್ತು ಇಲ್ಲವೆಂದು ಖಾತ್ರಿಯಾದ ಮೇಲೆ ಹೆಜ್ಜೆ ಇಡಿ.

ಕೂರುವಾಗ ಕುರ್ಚಿ ಕಾಲ ಹಿಂಬದಿಗೆ ತಾಗುವವರೆಗೆ ಹಿಂದೆ ಬಂದು, ಆಪರೇಷನ್ ಆದ ಕಾಲು ಮುಂದೆ ಚಾಚಿ, ಕೈಗಳಿಂದ ಕುರ್ಚಿ ಹಿಡಿದು ನಿಧಾನಕ್ಕೆ ಇಳಿಯಿರಿ.

ನಡೆಯುವಾಗ ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆಯ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಒಂದು ಕೈ ಯಾವಾಗಲೂ ಕಂಬಿಯ ಮೇಲೆ. ತಿರುಗುವಾಗ ಪಾದ ನೆಲಕ್ಕೆ ಊರಿ ಮೈ ತಿರುಗಿಸಿದರೆ ಸೊಂಟ ತಿರುಚುತ್ತದೆ, ಆದ್ದರಿಂದ ಪಾದಗಳನ್ನು ಎತ್ತಿಟ್ಟು ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿ. ಬಟ್ಟೆ ಹಾಕುವಾಗ ಆಪರೇಷನ್ ಆದ ಕಾಲು ಮೊದಲು, ಬಿಚ್ಚುವಾಗ ಅದು ಕೊನೆಗೆ. ಮಲಗಿದಾಗ ಎರಡು ಮಂಡಿಗಳ ನಡುವೆ ಗಟ್ಟಿ ದಿಂಬು ಇರಲಿ, ಅದು ನಿದ್ದೆಯಲ್ಲಿ ಕಾಲು ಅಡ್ಡ ಹೋಗದಂತೆ ತಡೆಯುತ್ತದೆ.

ನೋವು, ಊತ, ಗಾಯ

ಮೊದಲ ಎರಡು ವಾರ ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ. ನೋವು ಏರಿದ ಮೇಲೆ ನುಂಗಿದರೆ ಅದು ಹತೋಟಿಗೆ ಬರುವುದು ತಡ, ಅಷ್ಟರಲ್ಲಿ ವ್ಯಾಯಾಮ ತಪ್ಪಿಹೋಗುತ್ತದೆ. ಪ್ಯಾರಾಸಿಟಮಾಲ್ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಬೇರೆ ನೋವಿನ ಮಾತ್ರೆಗಳಲ್ಲೂ ಅದು ಸೇರಿರುತ್ತದೆ, ಚೀಟಿ ಓದಿ ಲೆಕ್ಕ ಹಾಕಿ. ಟ್ರಮಡಾಲ್‌ನಂಥ ಪ್ರಬಲ ಮಾತ್ರೆ ಮಲಬದ್ಧತೆ ತರುತ್ತದೆ. ಮಲ ಸಡಿಲಿಸುವ ಔಷಧ ಬೇಕೇ ಎಂದು ಮೊದಲ ದಿನವೇ ಕೇಳಿ. ಮಲಕ್ಕೆ ತಿಣುಕುವುದು ಈಗ ಒಳ್ಳೆಯದಲ್ಲ.

ತೊಡೆ ಊದಿ, ಕಪ್ಪುನೀಲಿ ಬಣ್ಣ ದಿನ ಕಳೆದಂತೆ ಮಂಡಿಗೆ, ಪಾದಕ್ಕೆ ಇಳಿಯುವುದು ನೋಡಲು ಭಯ ಹುಟ್ಟಿಸುತ್ತದೆ. ಅದು ಒಳಗೆ ಸೋರಿದ ರಕ್ತ ಕೆಳಗಿಳಿಯುವುದಷ್ಟೇ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ, ಮಲಗಿ ಕಾಲು ಎತ್ತರದಲ್ಲಿಡಿ. ಎಚ್ಚರವಿರುವಾಗ ಗಂಟೆಗೆ 10 ಸಲವಾದರೂ ಪಾದವನ್ನು ಮೇಲೆ ಕೆಳಗೆ ಆಡಿಸಿ. ಮೀನಖಂಡ ಹಿಂಡಿದಷ್ಟೂ ರಕ್ತ ನಿಲ್ಲದೆ ಮೇಲೇರುತ್ತದೆ. ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಅಥವಾ ಹೊಟ್ಟೆಯ ಇಂಜೆಕ್ಷನ್ 4ರಿಂದ 5 ವಾರದವರೆಗೂ ಇರಬಹುದು. ಚೆನ್ನಾಗಿ ನಡೆಯುತ್ತಿದ್ದೇನೆಂದು ಅದನ್ನು ಮಧ್ಯದಲ್ಲಿ ಬಿಡಬೇಡಿ.

ಹೊಲಿಗೆ ಅಥವಾ ಕ್ಲಿಪ್ ತೆಗೆಯುವುದು 10–14 ದಿನಕ್ಕೆ. ಗಾಯಕ್ಕೆ ಎಣ್ಣೆ, ಪೌಡರ್, ಮುಲಾಮು ಏನೂ ಬೇಡ. ಒಂದು ವಾರ ಕಳೆದರೂ ಒಸರುತ್ತಿದ್ದರೆ, ಸುತ್ತ ಕೆಂಪು ಹರಡುತ್ತಿದ್ದರೆ, ಮೊದಲ ಮೂರು ದಿನ ಕಳೆದ ಮೇಲೆ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಪರೇಷನ್ ಮಾಡಿದವರಿಗೇ ತೋರಿಸಿ. ಮನೆಯಲ್ಲಿದ್ದ ಆಂಟಿಬಯೋಟಿಕ್ ನುಂಗಿ ಹೋದರೆ ಪರೀಕ್ಷೆಯಲ್ಲಿ ಕ್ರಿಮಿ ಸಿಗುವುದಿಲ್ಲ, ಸರಿಯಾದ ಔಷಧ ಆರಿಸಲಾಗದೆ ಕೀಲೇ ಹೋಗಬಹುದು.

ಇವಕ್ಕೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ: ಹಠಾತ್ ಉಸಿರುಗಟ್ಟುವಿಕೆ, ಎದೆನೋವು, ಕೆಮ್ಮಿದಾಗ ರಕ್ತ. ಮೀನಖಂಡ ಒಂದೇ ಕಡೆ ಊದಿ ಬಿಗಿದು ನೋಯುತ್ತಿದ್ದರೆ ಅದೇ ದಿನ ತೋರಿಸಿ. ಸೊಂಟದಲ್ಲಿ ಲಟಕ್ ಎಂದು ತೀವ್ರ ನೋವಾಗಿ, ಕಾಲು ಗಿಡ್ಡವಾಗಿ ತಿರುಗಿಕೊಂಡು, ನಿಲ್ಲಲಾಗದಿದ್ದರೆ ಕೀಲು ತಪ್ಪಿದೆ. ಎಳೆದು ಕೂರಿಸಲು ಯಾರಿಗೂ ಬಿಡಬೇಡಿ. ಮಲಗಿದಲ್ಲೇ ಇದ್ದು ಆಂಬುಲೆನ್ಸ್ ಕರೆಸಿ, ಏನೂ ತಿನ್ನಬೇಡಿ, ಕುಡಿಯಬೇಡಿ; ಮತ್ತೆ ಕೂರಿಸಲು ಅರಿವಳಿಕೆ ಕೊಡಬೇಕಾಗುತ್ತದೆ.

ಮೂರನೇ ವಾರದಿಂದ ಮುಂದಕ್ಕೆ

ಹಳೆಯ ಕೀಲುನೋವು ಮಾಯವಾಗಿರುತ್ತದೆ, ಹುಮ್ಮಸ್ಸು ಬಂದಿರುತ್ತದೆ. ಅತಿ ಮಾಡುವುದು ಈಗಲೇ. ಅಳತೆಗೋಲು ಸರಳ: ನಡೆದ ಸಂಜೆ ಸ್ವಲ್ಪ ಊತ, ನೋವು ಬಂದು ಬೆಳಗ್ಗೆಗೆ ಇಳಿದಿದ್ದರೆ ಸರಿ. ಬೆಳಗ್ಗೆಯೂ ಉಳಿದಿದ್ದರೆ ಹಿಂದಿನ ದಿನ ಜಾಸ್ತಿಯಾಯಿತು, ಇವತ್ತು ಅರ್ಧಕ್ಕೆ ಇಳಿಸಿ. ದಿನಕ್ಕೊಂದು ಉದ್ದ ನಡಿಗೆಗಿಂತ ನಾಲ್ಕೈದು ಗಿಡ್ಡ ನಡಿಗೆ ಮೇಲು.

ವಾಕರ್ ಬಿಟ್ಟು ಕೋಲಿಗೆ ಬಂದಾಗ ಅದನ್ನು ಆಪರೇಷನ್ ಆದ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಹಾಗೆ ಹಿಡಿದರೆ ಸೊಂಟದ ಪಕ್ಕದ ಸ್ನಾಯುವಿನ ಮೇಲಿನ ಹೊರೆ ಇಳಿಯುತ್ತದೆ. ಆಪರೇಷನ್ ಆದ ಕಡೆಯ ಕೈಯಲ್ಲೇ ಹಿಡಿದರೆ ಮೈ ಆ ಕಡೆಗೇ ವಾಲುತ್ತದೆ. ಕುಂಟು ಪೂರ್ತಿ ಹೋಗುವವರೆಗೆ ಕೋಲು ಬಿಡಬೇಡಿ. ಬೇಗ ಬಿಟ್ಟವರಿಗೆ ವಾಲಿ ನಡೆಯುವುದೇ ರೂಢಿಯಾಗಿ, ಆಮೇಲೆ ತಿದ್ದುವುದು ಕಷ್ಟ. ಕಾರು ಓಡಿಸುವುದು ಹೆಚ್ಚಿನವರಿಗೆ ಸುಮಾರು 6 ವಾರಕ್ಕೆ, ಪ್ರಬಲ ನೋವಿನ ಮಾತ್ರೆ ನಿಂತ ಮೇಲೆ, ತಡವರಿಸದೆ ಬ್ರೇಕ್ ಒತ್ತಲು ಆಗುವಾಗ. ಕೂತು ಮಾಡುವ ಕೆಲಸಕ್ಕೂ ಹೆಚ್ಚುಕಮ್ಮಿ ಅದೇ ಸಮಯ, ಭಾರ ಎತ್ತುವ ಕೆಲಸಕ್ಕೆ ಮೂರು ತಿಂಗಳು. ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಸರ್ಜನ್ ಸ್ಪಷ್ಟವಾಗಿ ಒಪ್ಪಿದ ಮೇಲೆ ಮಾತ್ರ.

ಆಪರೇಷನ್ ಆದ ಕಾಲು ಉದ್ದವಾದಂತೆ ಅನಿಸುವುದು ಮೊದಲ ವಾರಗಳಲ್ಲಿ ಬಹಳ ಸಾಮಾನ್ಯ. ವರ್ಷಗಟ್ಟಲೆ ನೋವಿಗೆ ಕುಗ್ಗಿದ್ದ ಸ್ನಾಯುಗಳು ಕಟಿಯನ್ನು ಓರೆಯಾಗಿ ಎಳೆದಿರುತ್ತವೆ, ಅವು ಸಡಿಲವಾದಂತೆ ಆ ಭಾವನೆಯೂ ಹೋಗುತ್ತದೆ. ಇನ್ನೊಂದು ಚಪ್ಪಲಿಗೆ ಅಟ್ಟೆ ಸೇರಿಸಲು ಅವಸರ ಮಾಡಬೇಡಿ, ಸ್ನಾಯು ಓರೆಯಲ್ಲೇ ನೆಲೆನಿಲ್ಲುತ್ತದೆ. ಮೂರು ತಿಂಗಳಾದರೂ ಹಾಗೇ ಇದ್ದರೆ ಅಳೆಸಿ ನೋಡಿ.