ಬರ್ಮಿಂಗ್‌ಹ್ಯಾಮ್‌ಗೆ ಕಾರಿನಲ್ಲಿ ಹೊರಡುವ ಮುನ್ನ

ಬೆಂಗಳೂರಿನ ಪೇಟೆ ಬೀದಿಯಲ್ಲಿ ಕಾರು ನಿಲ್ಲಿಸಿದರೆ ಚೀಟಿ ಹಿಡಿದು ಯಾರಾದರೂ ಬರುತ್ತಾರೆ. ಟೋಲ್ ರಸ್ತೆಯಾದರೆ ಗೇಟು ಅಡ್ಡವಿರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕ್ಯಾಮೆರಾ ನಿಮ್ಮ ನಂಬರ್ ಪ್ಲೇಟನ್ನು ಓದಿಕೊಂಡು ಸುಮ್ಮನಿರುತ್ತದೆ. ಹಣ ಕಟ್ಟಬೇಕೆಂದು ನೆನಪಿಟ್ಟುಕೊಳ್ಳುವ ಹೊಣೆ ಪೂರ್ತಿ ನಿಮ್ಮದು.

ಎ4540 ಎಂಬ ವರ್ತುಲ ರಸ್ತೆಯ ಒಳಭಾಗವು 2021ರ ಜೂನ್ 1ರಿಂದ ‘ಕ್ಲೀನ್ ಏರ್ ಝೋನ್’ ಆಗಿದೆ. ವರ್ತುಲ ರಸ್ತೆಯ ಮೇಲೆಯೇ ಸಾಗಿದರೆ ಶುಲ್ಕವಿಲ್ಲ. ಒಳಗೆ ತಿರುಗಿದರೆ, ಹೆಚ್ಚು ಹೊಗೆಯುಗುಳುವ ಕಾರಿಗೆ ದಿನಕ್ಕೆ 8 ಪೌಂಡ್. ರಾತ್ರಿ, ಭಾನುವಾರ, ಕ್ರಿಸ್‌ಮಸ್ ಎಂಬ ವಿನಾಯಿತಿ ಇಲ್ಲ. ಹೊಗೆಯ ಮಿತಿ ಹೇಳುವ ಯುರೋಪಿನ ಮಾನದಂಡದಲ್ಲಿ ಪೆಟ್ರೋಲ್ ಕಾರು ಯೂರೋ 4, ಡೀಸೆಲ್ ಕಾರು ಯೂರೋ 6 ಮಟ್ಟದ್ದಾಗಿದ್ದರೆ ಏನೂ ಕಟ್ಟಬೇಕಿಲ್ಲ. ಹೊಸದಾಗಿ ಬಂದವರು ಸಾಮಾನ್ಯವಾಗಿ ಕೊಳ್ಳುವುದು ಹಳೆಯ ಕಾರನ್ನೇ ಆದ್ದರಿಂದ, ಕೊಳ್ಳುವ ಮೊದಲೇ ಅದರ ನಂಬರನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿ ನೋಡಿ. ಶುಲ್ಕವನ್ನು ಪ್ರಯಾಣಕ್ಕೆ ಆರು ದಿನ ಮೊದಲಿನಿಂದ ಆರು ದಿನದ ನಂತರದವರೆಗೆ ಅಲ್ಲಿಯೇ ಕಟ್ಟಬಹುದು. ಬಿಲ್ ಮನೆಗೆ ಬರಲಿ ಎಂದು ಕಾಯಬೇಡಿ. ಮನೆಗೆ ಬರುವುದು 120 ಪೌಂಡ್ ದಂಡದ ಪತ್ರ.

ಪಾರ್ಕಿಂಗ್‌ಗೆ ಬಂದರೆ, ರಸ್ತೆಯಂಚಿನಲ್ಲಿ ಜೋಡಿ ಹಳದಿ ಗೆರೆ ಇದ್ದಲ್ಲಿ ಯಾವ ಹೊತ್ತಿನಲ್ಲೂ ಕಾರು ಬಿಟ್ಟು ಹೋಗುವಂತಿಲ್ಲ. ಒಂಟಿ ಗೆರೆಯಾದರೆ ಹತ್ತಿರದ ಫಲಕದಲ್ಲಿ ಬರೆದ ಹೊತ್ತಿನಲ್ಲಿ ಮಾತ್ರ ನಿಷೇಧ. ದಂಡದ ನೋಟಿಸ್ ಬಂದರೆ ಗಾಬರಿಯಾಗದೆ ತಲೆಬರಹ ಓದಿ. ‘ಪೆನಾಲ್ಟಿ ಚಾರ್ಜ್ ನೋಟಿಸ್’ ಎಂದಿದ್ದರೆ ಅದು ನಗರಸಭೆಯದು, ಕಾನೂನಿನ ದಂಡ. 14 ದಿನದೊಳಗೆ ಕಟ್ಟಿದರೆ ಅರ್ಧ. ‘ಪಾರ್ಕಿಂಗ್ ಚಾರ್ಜ್ ನೋಟಿಸ್’ ಎಂದಿದ್ದರೆ ಖಾಸಗಿ ಕಂಪನಿಯದು. ಒಪ್ಪಂದ ಮುರಿದಿದ್ದೀರೆಂದು ಅವರು ಹಣ ಕೇಳುತ್ತಿದ್ದಾರೆ ಅಷ್ಟೆ. ಎರಡನ್ನೂ ಪಿಸಿಎನ್ ಎಂದೇ ಕರೆಯುವುದರಿಂದ ಎಷ್ಟೋ ಮಂದಿ ಹೆದರಿ ಒಡನೆ ಹಣ ಕಟ್ಟುತ್ತಾರೆ. ಎರಡಕ್ಕೂ ಮೇಲ್ಮನವಿಯ ದಾರಿಯಿದೆ. ತಪ್ಪು ನಿಮ್ಮದಲ್ಲವೆಂದಾದರೆ ಫಲಕದ ಫೋಟೊ, ಹಣ ಕಟ್ಟಿದ ರಸೀದಿ ಇಟ್ಟುಕೊಂಡು ಖಂಡಿತ ಪ್ರಶ್ನಿಸಿ. ಪತ್ರಕ್ಕೆ ಉತ್ತರಿಸದೆ ಮಾತ್ರ ಇರಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ, ಕಾರನ್ನು ಹೊರಗಿನ ಯಾವುದಾದರೂ ರೈಲು ನಿಲ್ದಾಣದಲ್ಲಿ ಬಿಟ್ಟು ಬನ್ನಿ ಎಂಬುದೇ. ನಗರದ ನಡುಭಾಗ ನಡೆದೇ ನೋಡುವಷ್ಟು ಚಿಕ್ಕದು. ಆದರೆ ಅಲ್ಲಿ ಮೂರು ರೈಲು ನಿಲ್ದಾಣಗಳಿವೆ: ನ್ಯೂ ಸ್ಟ್ರೀಟ್, ಮೂರ್ ಸ್ಟ್ರೀಟ್, ಸ್ನೋ ಹಿಲ್. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಹೊರಟ ರೈಲು ನ್ಯೂ ಸ್ಟ್ರೀಟ್‌ಗೆ, ಮೆರಿಲೆಬೋನ್ ನಿಲ್ದಾಣದಿಂದ ಹೊರಟದ್ದು ಮೂರ್ ಸ್ಟ್ರೀಟ್‌ಗೆ ಬರುತ್ತದೆ. ಊರಿನಿಂದ ಬಂದ ತಂದೆತಾಯಿಯರನ್ನು ಕರೆದೊಯ್ಯಲು ಹೋದವರು ಒಂದು ನಿಲ್ದಾಣದಲ್ಲಿ, ಅವರು ಇನ್ನೊಂದರಲ್ಲಿ ನಿಂತರೆ ಎಲ್ಲರಿಗೂ ಸಂಕಟ. ಟಿಕೆಟ್‌ನಲ್ಲಿರುವ ಹೆಸರನ್ನು ಫೋನಿನಲ್ಲಿ ಓದಿಸಿ ಕೇಳಿಕೊಳ್ಳಿ. ಈ ಎರಡು ನಿಲ್ದಾಣಗಳ ನಡುವೆ ಹತ್ತು ನಿಮಿಷದೊಳಗಿನ ನಡಿಗೆ. ರೊಟುಂಡಾ ಎಂಬ ದುಂಡು ಗೋಪುರ ಒಳ್ಳೆಯ ಗುರುತು. ಅದರ ಬಳಿ ಬುಲ್‌ರಿಂಗ್ ಮಾರುಕಟ್ಟೆಯ ಕಂಚಿನ ಗೂಳಿ, ಆಚೆಗೆ ಸಾವಿರಾರು ಅಲ್ಯೂಮಿನಿಯಂ ಬಿಲ್ಲೆಗಳನ್ನು ಹೊದ್ದ ಸೆಲ್ಫ್ರಿಜಸ್ ಎಂಬ ದೊಡ್ಡ ಅಂಗಡಿಯ ಕಟ್ಟಡ. ಮೂರ್ ಸ್ಟ್ರೀಟ್ ಅದರ ಮಗ್ಗುಲಲ್ಲೇ. ನ್ಯೂ ಸ್ಟ್ರೀಟ್ ಹೊರಗೆ ಟ್ರಾಮ್ ಹತ್ತಿದರೆ 2013ರಲ್ಲಿ ತೆರೆದ ಭವ್ಯ ಗ್ರಂಥಾಲಯದ ಎದುರಿಗೇ ಇಳಿಯಬಹುದು; ಅಲ್ಲಿಂದ ಕಾಲುವೆಗಳೂ ದೂರವಿಲ್ಲ. ಮಕ್ಕಳಿಗೆ ದೋಣಿಗಳನ್ನು ತೋರಿಸಿ.

ನಮ್ಮವರು ತಪ್ಪದೆ ಕೇಳುವ ಬಾಲಾಜಿ ದೇವಸ್ಥಾನ ನಗರದಲ್ಲಿಲ್ಲ, ಪಶ್ಚಿಮಕ್ಕೆ ಟಿವಿಡೇಲ್‌ನಲ್ಲಿದೆ. ಶುಲ್ಕದ ವಲಯದಿಂದ ಬಹಳ ಹೊರಗೆ, ಎಂ5 ಹೆದ್ದಾರಿಯ ಎರಡನೆಯ ಜಂಕ್ಷನ್‌ಗೆ ಹತ್ತಿರ. ಬೆಳಿಗ್ಗೆ ದರ್ಶನ ಮುಗಿಸಿ ಸ್ಯಾಂಡ್‌ವೆಲ್ ಅಂಡ್ ಡಡ್ಲಿ ನಿಲ್ದಾಣಕ್ಕೆ ಹೋಗಿ ಕಾರು ಬಿಟ್ಟು ರೈಲು ಹತ್ತಿದರೆ, ಸ್ವಲ್ಪ ಹೊತ್ತಿನಲ್ಲೇ ನ್ಯೂ ಸ್ಟ್ರೀಟ್‌ನಲ್ಲಿರುತ್ತೀರಿ.