ನದಿಯ ಲೆಕ್ಕದ ತಂತ್ರಾಂಶವೊಂದನ್ನು ಡೆಬಿಯನ್‌ಗೆ ಸೇರಿಸಿದ ನನ್ನ ಅನುಭವ

2021ರ ಆಗಸ್ಟ್‌ನಲ್ಲಿ, ಲಿನಕ್ಸ್ ಆಧಾರಿತ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯಾದ ಡೆಬಿಯನ್‌ನ 11ನೆಯ ಆವೃತ್ತಿ ಬಿಡುಗಡೆಯಾಯಿತು. ಅದಾದ ಕೆಲವೇ ವಾರಗಳಲ್ಲಿ ನಾನು ನನ್ನ ಮೊದಲ ಪ್ಯಾಕೇಜಿನ (ಸುಲಭವಾಗಿ ಕೂರಿಸಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟಿನ) ಕೆಲಸಕ್ಕೆ ಕೈಹಾಕಿದೆ. ನದಿಯ ಹರಿವನ್ನು ಲೆಕ್ಕ ಹಾಕುವ ಆ ಮುಕ್ತ ತಂತ್ರಾಂಶದ ತಿರುಳು ಸಿ ಭಾಷೆಯಲ್ಲಿತ್ತು. ಬಳಸುವವರ ಅನುಕೂಲಕ್ಕೆ ಮೇಲೊಂದು ಪೈಥಾನ್ ಹೊದಿಕೆಯಿತ್ತು. ಜಲವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದ ಗೆಳೆಯರೊಬ್ಬರು ಅದನ್ನು ತಮ್ಮ ಪ್ರಯೋಗಾಲಯದ ಯಂತ್ರಗಳಲ್ಲಿ ಕೂರಿಸಲು ಮೂರು ದಿನ ಕಳೆದಿದ್ದರು. ಕೊನೆಗೆ ಒಂದು ಯಂತ್ರದ ಉತ್ತರ ಇನ್ನೊಂದರ ಉತ್ತರಕ್ಕೆ ತಾಳೆಯಾಗದೆ ನನ್ನ ಬಳಿ ಬಂದರು. ಒಂದೇ ಆಜ್ಞೆಯಿಂದ ಎಲ್ಲರಿಗೂ ಒಂದೇ ತಂತ್ರಾಂಶ ಸಿಗುವಂತೆ ಮಾಡಬೇಕು ಎಂಬುದಷ್ಟೇ ಆಗ ನನ್ನ ಉದ್ದೇಶವಾಗಿತ್ತು. ಆ ಉತ್ತರಗಳು ಬೇರೆಯಾಗಲು ಕಾರಣವೇನೆಂಬುದನ್ನು ಪ್ಯಾಕೇಜಿಂಗ್ ಕೆಲಸವೇ ಹುಡುಕಿಕೊಡುತ್ತದೆ ಎಂದು ಆಗ ನನಗೆ ತೋಚಿರಲಿಲ್ಲ.

ಪ್ಯಾಕೇಜಿನ ಅಸ್ಥಿಪಂಜರವನ್ನು ಕಟ್ಟುವುದು ಕಷ್ಟವಲ್ಲ. ಮೂಲ ಕಡತಗಳ ಪಕ್ಕದಲ್ಲಿ ಡೆಬಿಯನ್ ಎಂಬ ಕೋಶವನ್ನು ಮಾಡಿ, ಅದರೊಳಗೆ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಎಂಬ ಕಡತಗಳನ್ನು ಬರೆಯಬೇಕು. ಡೆಬ್‌ಹೆಲ್ಪರ್ ಎಂಬ ಸಹಾಯಕ ಸಾಧನವನ್ನು ಬಳಸಿದರೆ ರೂಲ್ಸ್ ಕಡತ ನಾಲ್ಕೈದು ಸಾಲಿಗೆ ಮುಗಿಯುತ್ತದೆ. ಒಂದು ಭಾನುವಾರದ ಸಂಜೆಯೊಳಗೆ ನನ್ನ ಯಂತ್ರದಲ್ಲಿ ಡೆಬ್ ಕಡತ ಸಿದ್ಧವಾಗಿತ್ತು. ಆದರೆ ನನ್ನ ಯಂತ್ರದಲ್ಲಿ ಬೇಕಾದದ್ದೆಲ್ಲ ಮೊದಲೇ ಇತ್ತು. ಏನೂ ಇಲ್ಲದ ಶುದ್ಧ ಪರಿಸರದಲ್ಲಿ ಕಟ್ಟುವ ಎಸ್‌ಬಿಲ್ಡ್ ಎಂಬ ಸಾಧನಕ್ಕೆ, ಅಂತರ್ಜಾಲದ ಸಂಪರ್ಕ ಕಡಿದು ಅದನ್ನು ಒಪ್ಪಿಸಿದೊಡನೆ ಕೆಲಸ ನಿಂತಿತು: ತಂತ್ರಾಂಶವು ಕಟ್ಟುವ ಹೊತ್ತಿನಲ್ಲೇ ಜಾಲದಿಂದ ಇನ್ನೊಂದು ಲೈಬ್ರರಿಯನ್ನು ಇಳಿಸಿಕೊಳ್ಳುತ್ತಿತ್ತು. ಡೆಬಿಯನ್ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಇಂದು ಇಳಿದ ಲೈಬ್ರರಿ ನಾಳೆಯೂ ಅದೇ ಆಗಿರುತ್ತದೆ ಎನ್ನಲು ಯಾವ ಭರವಸೆಯೂ ಇಲ್ಲ. ಡೆಬಿಯನ್‌ನಲ್ಲಿ ಮೊದಲೇ ಇದ್ದ ಪ್ರತಿಯನ್ನೇ ಬಳಸುವಂತೆ ಮೊದಲ ಪ್ಯಾಚ್ (ಮೂಲ ಪ್ರೋಗ್ರಾಂಗೆ ಮಾಡುವ ಸಣ್ಣ ತಿದ್ದುಪಡಿ) ಬರೆದೆ.

ಅತಿ ಹೆಚ್ಚು ದಿನ ಹಿಡಿದದ್ದು ಕಾಪಿರೈಟ್ ಕಡತ. ತಂತ್ರಾಂಶದ ಪರವಾನಗಿ ಬಿಎಸ್‌ಡಿ (ಹೆಚ್ಚು ಷರತ್ತುಗಳಿಲ್ಲದ ಮುಕ್ತ ಪರವಾನಗಿ) ಎಂದು ಮುಖ್ಯ ಕಡತದಲ್ಲಿ ಬರೆದಿತ್ತು. ಅಷ್ಟನ್ನೇ ನಂಬಿ ಮುಂದೆ ಹೋಗಬಹುದೆಂದು ಭಾವಿಸಿದ್ದೆ. ಡೆಬಿಯನ್ ಹಾಗೆ ಬಿಡುವುದಿಲ್ಲ. ಹೊಸ ಪ್ಯಾಕೇಜ್ ಮೊದಲು ನ್ಯೂ ಎಂಬ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ಭಂಡಾರ ನೋಡಿಕೊಳ್ಳುವ ತಂಡದವರು ಪರವಾನಗಿಗಳನ್ನು ಪರಿಶೀಲಿಸುತ್ತಾರೆ. ಆದ್ದರಿಂದ ಕಡತಗಳನ್ನು ಒಂದೊಂದಾಗಿ ತೆರೆದು ಓದಿದೆ, ಎರಡು ತೊಡಕುಗಳು ಕಂಡವು. ಮಾದರಿ ದತ್ತಾಂಶದ ಕೋಶದಲ್ಲಿ 'ಸಂಶೋಧನೆಗೆ ಮಾತ್ರ' ಎಂಬ ಷರತ್ತಿತ್ತು. 1997ರಲ್ಲಿ ಅಂಗೀಕರಿಸಿದ ಡೆಬಿಯನ್ ಮುಕ್ತ ತಂತ್ರಾಂಶ ಮಾರ್ಗಸೂಚಿಯ ಆರನೆಯ ಅಂಶವು ಬಳಕೆಯ ಕ್ಷೇತ್ರಕ್ಕೆ ಕಟ್ಟು ಹಾಕುವ ಪರವಾನಗಿಯನ್ನು ಮುಕ್ತವೆಂದು ಪರಿಗಣಿಸುವುದಿಲ್ಲ. ಆ ದತ್ತಾಂಶವನ್ನು ತೆಗೆದು ಮೂಲ ಕಟ್ಟನ್ನು ಮತ್ತೆ ಕಟ್ಟಿ, ಪರೀಕ್ಷೆಗೆ ಬೇಕಾದ ಹರಿವಿನ ಅಂಕಿಗಳನ್ನು ಒಂದು ಸಣ್ಣ ಸೂತ್ರದಿಂದ ನಾನೇ ಹುಟ್ಟಿಸಿದೆ.

ಎರಡನೆಯ ತೊಡಕು ಆಳವಾಗಿತ್ತು. ಸಮೀಕರಣಗಳ ಗುಂಪನ್ನು ಬಿಡಿಸುವ ಎರಡು ಫಂಕ್ಷನ್‌ಗಳಲ್ಲಿ ಸರಣಿಯ ಎಣಿಕೆ ಸೊನ್ನೆಯ ಬದಲು ಒಂದರಿಂದ ಶುರುವಾಗುತ್ತಿತ್ತು. ಸಿ ಭಾಷೆಯಲ್ಲಿ ಯಾರೂ ಸಹಜವಾಗಿ ಹಾಗೆ ಬರೆಯುವುದಿಲ್ಲ. ಹುಡುಕಿದಾಗ, ಅವು ಸಂಖ್ಯಾತ್ಮಕ ವಿಧಾನಗಳ ಪಠ್ಯಪುಸ್ತಕವೊಂದರಿಂದ ಅಕ್ಷರಶಃ ಇಳಿಸಿಕೊಂಡವು ಎಂದು ತಿಳಿಯಿತು. ಆ ಪುಸ್ತಕದ ಪ್ರೋಗ್ರಾಂಗಳನ್ನು ಮರುಹಂಚುವ ಅನುಮತಿ ಯಾರಿಗೂ ಇರಲಿಲ್ಲ. ಮೂಲ ಲೇಖಕರಿಗೆ ಬರೆದಾಗ, ಬಹಳ ಹಿಂದೆ ಒಬ್ಬ ವಿದ್ಯಾರ್ಥಿ ಸೇರಿಸಿದ್ದೆಂದೂ ಬದಲಾಯಿಸಿದರೆ ತಮಗೆ ಸಂತೋಷವೆಂದೂ ಉತ್ತರಿಸಿದರು. ಆ ಜಾಗದಲ್ಲಿ, ಇಂಥ ಸಮೀಕರಣಗಳನ್ನು ಬಿಡಿಸುವ ಮುಕ್ತ ಲ್ಯಾಪ್ಯಾಕ್ ಲೈಬ್ರರಿಯ ಕರೆಯೊಂದನ್ನು ಕೂರಿಸಿದೆ. ಪರೀಕ್ಷೆಗಳೆಲ್ಲ ತೇರ್ಗಡೆಯಾದವು, ಆದರೂ ಉತ್ತರ ತಪ್ಪಾಗಿತ್ತು. ಫೋರ್ಟ್ರಾನ್‌ನಿಂದ ಬಂದ ಲ್ಯಾಪ್ಯಾಕ್ ಮಾತೃಕೆಯನ್ನು ಕಂಬಸಾಲಾಗಿ ಓದುತ್ತದೆ, ಸಿ ಅಡ್ಡಸಾಲಾಗಿ ಇಡುತ್ತದೆ. ನಾನು ತಿರುವಿ ಕೊಡುವುದನ್ನು ಮರೆತಿದ್ದೆ. ಪರೀಕ್ಷೆಯ ಮಾತೃಕೆಗಳೆಲ್ಲ ಸಮ್ಮಿತವಾಗಿದ್ದುದರಿಂದ, ತಿರುವಿದರೂ ಬಿಟ್ಟರೂ ಅವು ಒಂದೇ ಉತ್ತರ ಕೊಡುತ್ತಿದ್ದವು. ಸಮ್ಮಿತವಲ್ಲದ ಮಾತೃಕೆಯ ಪರೀಕ್ಷೆಯೊಂದನ್ನು ಅಂದೇ ಸೇರಿಸಿದೆ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯವೆನಿಸುವ ಹತ್ತು ಸಾಲುಗಳು ಅವು.

ಡೆಬಿಯನ್ ಡೆವಲಪರ್ ಅಲ್ಲದವರು ನೇರವಾಗಿ ಹೊಸ ಪ್ಯಾಕೇಜ್ ಏರಿಸುವಂತಿಲ್ಲ. ಡೆಬಿಯನ್ ಸೈನ್ಸ್ ತಂಡದ ಹಿರಿಯರೊಬ್ಬರು ಡೆಬಿಯನ್‌ನವರು ತಮ್ಮ ಕೆಲಸ ಇಡುವ ಸಾಲ್ಸಾ ಜಾಲತಾಣದಲ್ಲಿದ್ದ ನನ್ನ ಕೆಲಸವನ್ನು ನೋಡಿ, ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಸಾಧನವೂ ತೋರಿಸದ ಒಂದು ದೋಷವನ್ನು ಕಣ್ಣಿನಿಂದಲೇ ಹಿಡಿದರು. ಮೇಕ್ ಕಡತದಲ್ಲಿ 'ಮಾರ್ಚ್ ನೇಟಿವ್' ಎಂಬ ಆಯ್ಕೆ ಉಳಿದುಕೊಂಡಿತ್ತು. ಕಟ್ಟುವ ಯಂತ್ರದ ಪ್ರೊಸೆಸರ್‌ಗೆ ತಕ್ಕ ಆದೇಶಗಳನ್ನೆಲ್ಲ ಬಳಸಿಕೊಳ್ಳಲು ಕಂಪೈಲರ್‌ಗೆ ಅದು ಅನುಮತಿ ಕೊಡುತ್ತದೆ. ಹಾಗೆ ಕಟ್ಟಿದ ಪ್ರೋಗ್ರಾಂ ಹಳೆಯ ಯಂತ್ರದಲ್ಲಿ ಓಡದೆಯೇ ನಿಂತುಬಿಡಬಹುದು. ನನ್ನ ಗೆಳೆಯರ ಪ್ರಯೋಗಾಲಯದ ಒಗಟು ಬಿಡಿಸಿದ್ದೂ ಅದೇ ಸಾಲು: ಹೊಸ ಯಂತ್ರಗಳಲ್ಲಿ ಗುಣಾಕಾರ ಮತ್ತು ಸಂಕಲನವನ್ನು ಒಟ್ಟಿಗೆ ಮಾಡುವ ಆದೇಶ ಬಳಕೆಯಾಗುತ್ತಿತ್ತು, ಹಳೆಯವುಗಳಲ್ಲಿ ಆ ಆದೇಶವೇ ಇರಲಿಲ್ಲ.

ಏರಿಸಿದ ಪ್ಯಾಕೇಜನ್ನು ಡೆಬಿಯನ್‌ನ ಯಂತ್ರಗಳು ಹಲವು ಬಗೆಯ ಪ್ರೊಸೆಸರ್‌ಗಳಿಗೆ ಬೇರೆ ಬೇರೆಯಾಗಿ ಕಟ್ಟುತ್ತವೆ. ಸಾಮಾನ್ಯ 64 ಬಿಟ್ ಗಣಕಗಳ ಎಎಮ್‌ಡಿ64ರಲ್ಲಿ ಎಲ್ಲವೂ ಸರಿಯಾಗಿತ್ತು, ಬೇರೆ ಮೂರು ಬಗೆಗಳಲ್ಲಿ ಸೋತಿತು. 64 ಬಿಟ್ ಎಆರ್‌ಎಮ್ ಪ್ರೊಸೆಸರ್‌ಗಳ ಎಆರ್‌ಎಮ್64ರಲ್ಲಿ ಉತ್ತರದ ಕೊನೆಯ ಅಂಕಿಗಳು ಬೇರೆಯಾಗಿದ್ದವು. ಅಲ್ಲಿ ಜಿಸಿಸಿ ಕಂಪೈಲರ್ ತಾನಾಗಿಯೇ ಆ ಜೋಡಿ ಆದೇಶವನ್ನು ಬಳಸುತ್ತದೆ. ಎರಡು ಬಾರಿ ಆಗಬೇಕಾದ ದುಂಡಾಗಿಸುವಿಕೆ ಒಂದೇ ಬಾರಿ ಆಗುತ್ತದೆ. ಹಳೆಯ 32 ಬಿಟ್ ಗಣಕಗಳ ಐ386ರಲ್ಲಿ ಪರೀಕ್ಷೆ ಮುಗಿಯಲೇ ಇಲ್ಲ; 150 ನಿಮಿಷ ಯಾವ ಸದ್ದೂ ಇಲ್ಲವೆಂದು ಕಟ್ಟುವ ಯಂತ್ರ ಅದನ್ನು ನಿಲ್ಲಿಸಿತು. ಐಬಿಎಂ ಮೇನ್‌ಫ್ರೇಮ್ ಎಂಬ ದೊಡ್ಡ ಗಣಕಗಳ ಎಸ್390ಎಕ್ಸ್‌ನಲ್ಲಿ ನದಿಯ ಹರಿವು ಊಹೆಗೂ ನಿಲುಕದ ಸಂಖ್ಯೆಯಾಗಿ ಬಂದಿತ್ತು.

ಸೋತ ಪರೀಕ್ಷೆಗಳನ್ನು ಆ ಯಂತ್ರಗಳಲ್ಲಿ ನಡೆಸದಿರುವುದು ಸುಲಭದ ದಾರಿ. ನನಗೆ ಆ ಸಲಹೆ ಬಂದಿತ್ತು ಕೂಡ. ಮೇನ್‌ಫ್ರೇಮಿನಲ್ಲಿ ನದಿಯ ಹರಿವನ್ನು ಲೆಕ್ಕ ಹಾಕುವವರು ಯಾರು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಕಾರಣ ತಿಳಿಯದೆ ಪರೀಕ್ಷೆಯನ್ನು ಮುಚ್ಚುವುದು ವಿಜ್ಞಾನದ ತಂತ್ರಾಂಶದಲ್ಲಿ ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಆರ್‌ಎಮ್64ರ ವ್ಯತ್ಯಾಸವನ್ನು ಅಳೆದೆ: ಅದು ಸುಮಾರು 10ರ ಮೈನಸ್ 14ನೆಯ ಘಾತದಷ್ಟಿತ್ತು, ಆ ಮಾತೃಕೆಯ ಸ್ವಭಾವಕ್ಕೆ ಅಷ್ಟು ದೋಷ ನಿರೀಕ್ಷಿತವೇ. ಆದ್ದರಿಂದ ಮಿತಿಯನ್ನು ಮೈನಸ್ 12ಕ್ಕೆ ಸಡಿಲಿಸಿ, ಏಕೆ ಸಡಿಲಿಸಿದೆ ಎಂಬ ವಿವರಣೆಯನ್ನು ಪ್ಯಾಚಿನೊಳಗೇ ಬರೆದೆ. ಐ386ರಲ್ಲಿ ಇದ್ದದ್ದು ನಿಜವಾದ ದೋಷ. ಹಿಂದಿನ ಬೆಲೆಯೂ ಈಗಿನ ಬೆಲೆಯೂ ಸರಿಸಮನಾಗುವ ತನಕ ಸುತ್ತುವ ಲೂಪ್ ಒಂದಿತ್ತು. ಅಲ್ಲಿನ ಹಳೆಯ ಗಣಿತ ಘಟಕ ತನ್ನೊಳಗೆ 80 ಬಿಟ್ ಇಟ್ಟುಕೊಂಡು, ಸ್ಮೃತಿಗೆ ಬರೆಯುವಾಗ 64 ಬಿಟ್‌ಗೆ ಇಳಿಸುವುದರಿಂದ ಆ ಎರಡು ಬೆಲೆಗಳು ಎಂದೂ ಸಮವಾಗಲಿಲ್ಲ. ಸಮತೆಯ ಬದಲು ಅಂತರವನ್ನು ನೋಡುವಂತೆ ತಿದ್ದಿದೆ.

ಎಸ್390ಎಕ್ಸ್‌ನ ತೊಂದರೆಯನ್ನು ನನ್ನ ಯಂತ್ರದಲ್ಲೇ, ಬೇರೆ ಪ್ರೊಸೆಸರ್‌ಗಳನ್ನು ಅನುಕರಿಸುವ ಕ್ಯೂಇಎಂಯು ಮೂಲಕ ಮರುಸೃಷ್ಟಿಸಿದೆ. ಆ ಪ್ರೊಸೆಸರ್ ಸಂಖ್ಯೆಯ ದೊಡ್ಡ ತುದಿಯ ಬೈಟನ್ನು ಮೊದಲು ಇಡುತ್ತದೆ, ನಮ್ಮ ಸಾಮಾನ್ಯ ಯಂತ್ರಗಳು ಚಿಕ್ಕ ತುದಿಯದನ್ನು ಮೊದಲು ಇಡುತ್ತವೆ. ತಂತ್ರಾಂಶವು ದತ್ತಾಂಶದ ಕಡತವನ್ನು ಹಾಗೆಹಾಗೆಯೇ ಸ್ಮೃತಿಗೆ ಎಳೆದುಕೊಳ್ಳುತ್ತಿತ್ತು. ಆ ಕಡತದ ಬೈಟ್ ಕ್ರಮ ಯಾವುದೆಂದು ಕೈಪಿಡಿಯಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಓದುವಾಗ ಕ್ರಮವನ್ನು ತಿರುಗಿಸುವ ಪ್ಯಾಚಿನ ಜೊತೆಗೆ ಕೈಪಿಡಿಗೆ ಎರಡು ವಾಕ್ಯವನ್ನೂ ಮೂಲ ಲೇಖಕರಿಗೆ ಕಳಿಸಿದೆ. ಆ ಎರಡು ವಾಕ್ಯ ಅವರ ಮುಂದಿನ ಆವೃತ್ತಿಯಲ್ಲಿ ಸೇರಿದ್ದನ್ನು ಕಂಡಾಗ ಆದ ಸಂತೋಷ ಪ್ಯಾಕೇಜ್ ಒಳಸೇರಿದ ದಿನದ ಸಂತೋಷಕ್ಕಿಂತ ಹೆಚ್ಚಿನದು.

2023ರ ಜೂನ್‌ನಲ್ಲಿ ಡೆಬಿಯನ್ 12 ಬಂದಾಗ ನಮ್ಮ ಪ್ಯಾಕೇಜೂ ಅದರೊಳಗಿತ್ತು. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.12ರಿಂದ, ಪೈಥಾನ್ ತಂತ್ರಾಂಶಗಳನ್ನು ಕಟ್ಟಿ ಕೂರಿಸಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಹೊರಬಿತ್ತು. 2024ರಲ್ಲಿ, 32 ಬಿಟ್‌ನ ಕಾಲದ ಎಣಿಕೆ ತುಂಬಿಹೋಗುವ 2038ರ ಮಿತಿಯನ್ನು ದಾಟಲು 32 ಬಿಟ್ ಎಆರ್‌ಎಮ್‌ನಲ್ಲಿ ಕಾಲದ ಅಳತೆ 64 ಬಿಟ್‌ಗೆ ಬದಲಾಯಿತು. ಹರಿವಿನ ದಾಖಲೆಗಳಲ್ಲಿ ಪ್ರತಿ ಅಂಕಿಗೂ ಗಂಟೆ ನಿಮಿಷ ಅಂಟಿಕೊಂಡಿರುವುದರಿಂದ ಆ ಬದಲಾವಣೆ ನಮ್ಮನ್ನು ನೇರವಾಗಿ ತಟ್ಟಿತು. ಪ್ರತಿ ಬಾರಿಯೂ ಪ್ಯಾಚ್ ಬರೆದು ಮೊದಲು ಮೂಲ ಲೇಖಕರಿಗೆ ಕಳಿಸಿ, ಅವರು ಒಪ್ಪಿದ ರೂಪವನ್ನೇ ಡೆಬಿಯನ್‌ನಲ್ಲಿ ಇಟ್ಟೆ.

ಪ್ಯಾಚ್‌ಗಳ ಕೋಶದಲ್ಲಿ ಒಂದು ಕಾಲಕ್ಕೆ ಹನ್ನೊಂದು ಇದ್ದವು. ಈಗ ಎರಡು ಉಳಿದಿವೆ: ಒಂದು, ಕೈಪಿಡಿಯನ್ನು ಕಟ್ಟುವಾಗ ಜಾಲದ ಅಕ್ಷರಶೈಲಿಯನ್ನು ಇಳಿಸಿಕೊಳ್ಳದಂತೆ ತಡೆಯುವುದು, ಇನ್ನೊಂದು, ನಾನು ಹುಟ್ಟಿಸಿದ ಅಂಕಿಗಳಿಂದ ಪರೀಕ್ಷೆ ನಡೆಸುವುದು. ಎರಡನೆಯದನ್ನೂ ತೆಗೆಯಬಹುದಾದ ದಿನ ದೂರವಿಲ್ಲ. ಮಾದರಿ ದತ್ತಾಂಶವನ್ನು ಮುಕ್ತ ಪರವಾನಗಿಯಲ್ಲಿ ಕೊಡಲು ಅದರ ಒಡೆತನವಿರುವವರು ಒಪ್ಪಿದ್ದಾರೆ, ಅವರ ಲಿಖಿತ ಅನುಮತಿಗಾಗಿ ಕಾಯುತ್ತಿದ್ದೇನೆ.